ಕಬ್ಬಿಣ ಮುಟ್ಟದ ಕೋಣೆ

ಹರಿಹರ,
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಶಾಂತಲಾ,

‘ನೀವು ಹೊರಗೆ ಬಂದ ದಿನ ಹೇಳ್ರಿ, ನಾನು ಬರ್ತೀನಿ’ ಅಂದಿದ್ದೆ ನೀನು. ಅದರ ಬೆನ್ನಿಗೇ ಇನ್ನೊಂದು ಮಾತು ಸೇರಿಸಿದ್ದೆ, ಅದು ಮಾತ್ರ ನೆನಪಿಗೆ ಬರುತ್ತಿಲ್ಲ. ಚಳ್ಳಕೆರೆ ಬಸ್ಸಿನ ಕಿಟಕಿಯಲ್ಲಿ ನಿನ್ನ ಮುಖ, ತೊಡೆಯ ಮೇಲೆ ಬುತ್ತಿಯ ಚೀಲ, ಹಿಂದಿನ ಸೀಟಿನಲ್ಲಿ ಯಾರದೋ ಮಗುವಿನ ಅಳು, ಇವೆಲ್ಲ ಇವೆ. ನಾನು ತಲೆಯಾಡಿಸಿದ್ದೂ ಇದೆ, ಎಂದರೆ ನೀನು ಹೇಳಿದ್ದು ನನಗೆ ಪೂರ್ತಿ ಕೇಳಿಸಿತ್ತು. ದಾವಣಗೆರೆ ಬಸ್ ನಿಲ್ದಾಣದಿಂದ ಸರಸ್ವತಿ ನಗರಕ್ಕೆ ನಡೆದು ಬಂದು ಮನೆ ಬಾಗಿಲು ತೆಗೆಯುವಷ್ಟರಲ್ಲಿ ಮೊದಲ ಅರ್ಧ ಉಳಿದು ಎರಡನೆಯದು ಹೋಗಿತ್ತು. ನಿಮಗೆ ಅನುಕೂಲವಾದಷ್ಟನ್ನೇ ನೀವು ಇಟ್ಟುಕೊಳ್ಳುತ್ತೀರಿ ಎಂದು ನೀನು ಹೇಳಬಹುದು. ಆದರೆ ಉಳಿದ ಅರ್ಧವೂ ನನಗೆ ಅನುಕೂಲದ್ದಲ್ಲ. ಹೊರಗೆ ಬರುವುದು ಎಂದರೇನು ಎಂದು ಅಂದಿನಿಂದ ಅದನ್ನೇ ಹೊರಳಿಸಿ ನೋಡುತ್ತಿದ್ದೇನೆ.

ಮೊದಲು ಕೇಳಬೇಕಾದ್ದನ್ನು ಈಗ ಕೇಳುತ್ತಿದ್ದೇನೆ. ಹೇಗಿದ್ದೀಯ? ನೂಲಿಗೆ ಬಣ್ಣ ಹಾಕುವ ಹಂಡೆಯ ಹೊಗೆಗೆ ನಿನ್ನ ಮೂಗು ಕಟ್ಟಿಕೊಳ್ಳುವುದು ಕಡಿಮೆಯಾಯಿತೇ? ಮೊಳಕಾಲ್ಮೂರಿನಲ್ಲಿ ಹಗಲಿಡೀ ಕಾದ ಬಂಡೆ ರಾತ್ರಿ ಹೇಗೆ ಅಷ್ಟು ಬೇಗ ತಣ್ಣಗಾಗುತ್ತದೋ, ಸ್ವೆಟರ್ ಮರೆಯಬೇಡ. ನಿಮ್ಮ ಲಕ್ಷ್ಮೀದೇವಿ ಅಕ್ಕನ ಮೊಣಕಾಲಿನ ಆಪರೇಷನ್‌ಗೆ ಎರಡು ತಿಂಗಳ ಮಟ್ಟಿಗೆಂದು ಹೋದವಳು ನೀನು, ಆ ಎರಡು ತಿಂಗಳು ಎಂದೋ ಕಳೆಯಿತು. ಅಕ್ಕ ಈಗ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಳೆ ಎಂದು ಕೇಳಿ ಸಂತೋಷವಾಯಿತು. ಅವಳ ಸೀರೆ ಅಂಗಡಿಯ ಅಂಚು, ಬಣ್ಣಗಳನ್ನೆಲ್ಲ ಈಗ ನೀನೇ ಆರಿಸುತ್ತಿದ್ದೀಯ ಎಂದು ಕೇಳಿಯೂ ಸಂತೋಷವಾಯಿತು, ಇದು ನಿಜ. ಮಗ್ಗದಿಂದ ಇಳಿದ ಸೀರೆಯನ್ನು ಯಾರೋ ಒಬ್ಬಳು ಉಡುತ್ತಾಳೆ. ಅದನ್ನು ನೀನು ಫೋನಿನಲ್ಲಿ ಎರಡು ಸಲ ಹೇಳಿದೆ. ಎರಡನೆಯ ಸಲ ಯಾಕೆ ಹೇಳಿದೆ ಎಂದು ನನಗೆ ಗೊತ್ತಾಯಿತು.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನಾವು ಇಬ್ಬರಲ್ಲ, ಮೂವರು. ಅವ್ವ ಪಕ್ಕದಲ್ಲಿ ಕೂತು ‘ಅದರ ಧ್ವನಿ ದೊಡ್ಡದು ಮಾಡಪ್ಪಾ’ ಅನ್ನುತ್ತಾಳೆ. ದೊಡ್ಡದು ಮಾಡಿದ ಮೇಲೆ ಉಪ್ಪಿನಕಾಯಿ ಭರಣಿ, ಗ್ಯಾಸು, ಕೊಟ್ರವ್ವ ಕೆಲಸಕ್ಕೆ ಬಂದಳೋ ಇಲ್ಲವೋ, ಇಷ್ಟೇ ಮಾತು. ನೀನು ಯಾವಾಗ ಬರುತ್ತೀಯ ಎಂದು ಅವಳು ನಿನ್ನನ್ನು ಕೇಳುವುದಿಲ್ಲ, ನೀನು ಫೋನ್ ಇಟ್ಟ ಮೇಲೆ ನನ್ನನ್ನು ಕೇಳುತ್ತಾಳೆ. ‘ಹೋಗ್ಯಾಳೋ, ಇದ್ದಾಳೋ, ಒಂದು ಹೇಳು’ ಅಂದಳು ಮೊನ್ನೆ. ಕ್ವಾಂಟಂ ಕಂಪ್ಯೂಟರಿನೊಳಗೆ ಲೆಕ್ಕ ಹಿಡಿಯುವ ಕ್ಯೂಬಿಟ್ ಅನ್ನುವುದು ಹೌದು, ಅಲ್ಲ ಎರಡೂ ಆಗಿರಬಲ್ಲದು, ನೋಡಿದ ಕೂಡಲೇ ಒಂದಾಗಿಬಿಡುತ್ತದೆ ಎಂದು ಅದನ್ನು ಕಟ್ಟುತ್ತಿರುವ ಬೆಂಗಳೂರಿನ ಕಂಪನಿಯ ಅಂಜನ್ ಕುಮಾರ್ ನನಗೆ ಬಿಡಿಸಿ ಹೇಳಲು ಎಷ್ಟು ಕಷ್ಟಪಟ್ಟಿದ್ದ. ನಾನು ಬೇಗ ಒಪ್ಪಿಕೊಂಡೆನೆಂದು ಅವನಿಗೆ ಆಶ್ಚರ್ಯ.

ಭಾನುವಾರವಾದ್ದರಿಂದ ಕಾರ್ಖಾನೆಯಲ್ಲಿ ಒಬ್ಬನೇ ಇದ್ದೇನೆ. ಹೊರಗಿನ ಶೆಡ್ಡಿನಲ್ಲಿ ಹಳೆಯ ಲೇತುಗಳ ಪಕ್ಕ ಸ್ಟೂಲು ಹಾಕಿಕೊಂಡು, ಗಾಜಿನ ಕೋಣೆಗೆ ಮುಖ ಮಾಡಿ ಬರೆಯುತ್ತಿದ್ದೇನೆ. ಆ ಕೋಣೆಯನ್ನು ನೀನು ಎರಡೇ ಸಲ ಒಳಗಿನಿಂದ ನೋಡಿದ್ದು: ಮಷಿನ್ ಇಳಿದ ದಿನ, ಮತ್ತು ಮೊದಲ ತಾಮ್ರದ ತಟ್ಟೆ ಬೆಂಗಳೂರಿಗೆ ಹೋದ ದಿನ. ಆಗ ನಿನಗೂ ಹೆಮ್ಮೆಯಿತ್ತು. ಕ್ವಾಂಟಂ ಕಂಪ್ಯೂಟರ್ ಎಂದು ಟಿವಿಯಲ್ಲಿ ತೋರಿಸಿದರಲ್ಲ, ತಲೆಕೆಳಗಾಗಿ ತೂಗುಹಾಕಿದ ದೀಪದ ಕಂಬದ ಹಾಗೆ, ಅಂತಸ್ತು ಅಂತಸ್ತಾಗಿ ಚಿನ್ನದ ಬಣ್ಣದ ತಟ್ಟೆಗಳು. ‘ಅದರಾಗಿನ ಒಂದು ತಟ್ಟಿ ನಮ್ಮದು’ ಎಂದು ನೀನು ಕೆ.ಬಿ. ಬಡಾವಣೆಯ ಬಟ್ಟೆ ಅಂಗಡಿಯವನಿಗೂ ಹೇಳಿದ್ದೆ. ಅವನು ‘ಊಟದ್ದಾ ಅಮ್ಮಾರೆ?’ ಅಂದಿದ್ದ. ಆ ದಿನ ಇಬ್ಬರೂ ಆಟೋದಲ್ಲಿ ಮನೆಯವರೆಗೂ ನಕ್ಕೆವು. ಆ ನಗು ಎಲ್ಲಿ ನಿಂತಿತು ಎಂದು ಹುಡುಕಿದರೆ ನನಗೆ ಜಾಗ ಸಿಗುವುದಿಲ್ಲ.

ಕೋಣೆ ಇಟ್ಟ ಹಾಗೆಯೇ ಇದೆ. ಆ ತಟ್ಟೆಗಳು ತೂಗುವ ಜಾಗ ಆಕಾಶದ ಖಾಲಿಗಿಂತಲೂ ತಣ್ಣಗಿರುತ್ತದೆ. ಅಲ್ಲಿ ಲೆಕ್ಕ ಹಿಡಿದು ಕೂತ ಕ್ಯೂಬಿಟ್‌ಗೆ ಸ್ವಲ್ಪ ಬಿಸಿ ತಾಗಿದರೂ, ಹತ್ತಿರದಲ್ಲಿ ಕಬ್ಬಿಣದ ಒಂದು ಕಣದ ಸೆಳೆತ ಇದ್ದರೂ ತಾನು ಹಿಡಿದದ್ದನ್ನು ಮರೆಯುತ್ತದೆ. ಅದಕ್ಕೇ ನಮ್ಮ ಕೋಣೆಗೆ ಕಬ್ಬಿಣ ಬರಕೂಡದು. ತಾಮ್ರ ಕೊರೆಯುವ ಮಷಿನ್ ತಾಮ್ರವನ್ನೇ ಕೊರೆಯಬೇಕು. ಮಷಿನ್ ತಾನೇ ಕಬ್ಬಿಣದ್ದು, ಆದರೆ ಇನ್ನೊಂದು ಕಬ್ಬಿಣವನ್ನು ಮುಟ್ಟುವಂತಿಲ್ಲ. ಐದು ದಿಕ್ಕಿಗೆ ತಿರುಗುವ, ಇಡೀ ಹರಿಹರದಲ್ಲಿ ಯಾರ ಹತ್ತಿರವೂ ಇಲ್ಲದ ಯಂತ್ರ, ವರ್ಷಕ್ಕೆ ಕೆಲವು ತಟ್ಟೆ ಕೊರೆದು ಉಳಿದ ದಿನವೆಲ್ಲ ಹೊದಿಕೆ ಹೊದ್ದು ನಿಂತಿರುತ್ತದೆ. ನಮ್ಮ ಆಪರೇಟರ್ ಸಿದ್ದೀಕಾ ದಿನಾ ಬೆಳಿಗ್ಗೆ ಟೋಪಿ, ಗವಸು, ಕಾಲುಚೀಲ ಹಾಕಿಕೊಂಡು ಒಳಗೆ ಹೋಗಿ ಅದನ್ನು ಸ್ವಲ್ಪ ಹೊತ್ತು ಓಡಿಸಿ, ನೆಲ ಒರೆಸಿ ಬರುತ್ತಾಳೆ. ಅದು ತುಕ್ಕು ಹಿಡಿಯಬಾರದಲ್ಲ. ಕಂಪನಿಯವರು ಕೋಣೆ ಕಾದಿರಿಸಲೆಂದು ಕೊಡುವುದು ಅದನ್ನು ಉಳಿಸಿಕೊಳ್ಳಲು ಸಾಕಾಗುತ್ತದೆ, ಬಿಟ್ಟು ಬರಲು ಸಾಕಾಗುವುದಿಲ್ಲ.

ಅಂಜನ್ ಕುಮಾರ್ ಕಂಪನಿಯ ಪರವಾಗಿ ಬರುವ ಎಂಜಿನಿಯರ್, ನೀನು ಅವನಿಗೆ ಮೆಣಸಿನಕಾಯಿ ಮಂಡಕ್ಕಿ ಕೊಟ್ಟು, ಆಮೇಲೆ ‘ಎಣ್ಣಿ ಕೈಯಾಗ ಒಳಗ ಬರಬ್ಯಾಡಪ್ಪ’ ಎಂದು ಅವನದೇ ನಿಯಮ ಅವನಿಗೇ ಹೇಳಿದ್ದೆಯಲ್ಲ, ಅವನೇ. ಅವನು ಸುಳ್ಳುಗಾರನಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಅವನು ಪ್ರತಿ ಸಲವೂ ನಿಜವನ್ನೇ ಹೇಳುತ್ತಾನೆ. ‘ಆಗೋದು ಖಂಡಿತ ಸರ್. ಯಾವಾಗ ಅನ್ನೋದು ಮಾತ್ರ ನಮ್ಮ ಕೈಯಲ್ಲಿಲ್ಲ.’ ಹೋದ ವರ್ಷಕ್ಕಿಂತ ಈ ವರ್ಷ ಮುಂದೆ ಹೋಗಿದ್ದಾರೆ, ಅದೂ ನಿಜ. ಆ ಯಂತ್ರ ಮಾಡುವ ತಪ್ಪನ್ನು ಆ ಯಂತ್ರವೇ ತಿದ್ದಿಕೊಳ್ಳುವ ದಾರಿ ಸಿಕ್ಕಿದೆಯಂತೆ. ಆದರೆ ಒಂದು ಕ್ಯೂಬಿಟ್ ತಪ್ಪದ ಹಾಗೆ ನೋಡಿಕೊಳ್ಳಲು ಸುತ್ತ ನೂರಾರು ಬೇಕು. ಅದನ್ನು ಕೇಳಿ ಸಿದ್ದೀಕಾ ‘ಹಂಗಾರೆ ಮದುವಿ ಮನಿ ಇದ್ದಂಗೆ ಬಿಡ್ರಿ ಸರ್, ಅಡಿಗಿ ಮಾಡಾಕೆ ಒಬ್ಬ, ಉಪ್ಪು ನೋಡಾಕೆ ನೂರು ಮಂದಿ’ ಅಂದಳು. ಅಂಜನ್ ಕುಮಾರ್ ಅದನ್ನು ತನ್ನ ಆಫೀಸಿನಲ್ಲಿ ಹೇಳುತ್ತೇನೆಂದು ಬರೆದುಕೊಂಡು ಹೋದ. ಹೊಸ ಔಷಧಿ, ಹೊಸ ಗೊಬ್ಬರ, ಒಂದು ಸಲ ತುಂಬಿದರೆ ತಿಂಗಳು ನಡೆಯುವ ಬ್ಯಾಟರಿ, ಎಲ್ಲದರ ಲೆಕ್ಕವೂ ಅದರಿಂದಲೇ ಆಗಬಹುದಂತೆ. ಆಗ ಸಾವಿರಾರು ತಟ್ಟೆ ಬೇಕು. ಆಗ ಕೋಣೆ ಇರುವವನಿಗೇ ಕೆಲಸ. ಇದರಲ್ಲಿ ಯಾವ ಮಾತನ್ನು ತಳ್ಳಿಹಾಕಲಿ? ಸುಳ್ಳು ಆಸೆಯಿಂದ ಒಂದಲ್ಲ ಒಂದು ದಿನ ಎಚ್ಚರವಾಗುತ್ತದೆ, ನಿಜವಾದ ಆಸೆಗೆ ಅಂಥ ದಿನವಿಲ್ಲ.

ಈ ಊರಿನ ಗಾಳಿಯಲ್ಲೇ ಇದು ಇರಬಹುದು. ದೊಡ್ಡ ಕಾರ್ಖಾನೆಯ ಸೈರನ್ ಕೇಳಿ ಹಲ್ಲುಜ್ಜಿ ಬೆಳೆದವರು ನಾವು. ಅದು ನಿಂತ ಮೇಲೆಯೂ ಅಪ್ಪ ಸೋಮವಾರ ಸೋಮವಾರ ಯೂನಿಫಾರಂ ಇಸ್ತ್ರಿ ಮಾಡಿಸುತ್ತಿದ್ದರು, ಗೇಟು ತೆಗೆದರೆ ಹೋಗಲು ತಯಾರಿರಬೇಕಲ್ಲ ಎಂದು. ಆಗ ನಾನು ಅವರ ಮೇಲೆ ಸಿಟ್ಟಾಗುತ್ತಿದ್ದೆ. ಅವರು ಮುಚ್ಚಿದ ಗೇಟಿಗೆ ಕಾದರು. ನಾನು ಇನ್ನೂ ಕಟ್ಟಿರದ ಗೇಟಿಗೆ.

ಈಗ ಆಯುಧಪೂಜೆಯ ಸುದ್ದಿ. ಫೋನಿನಲ್ಲಿ ಅವ್ವನ ಎದುರಿಗೆ ಹೇಳಲಾಗದೆ ಉಳಿಸಿಕೊಂಡದ್ದು ಇದೇ. ಪ್ರತಿ ವರ್ಷದಂತೆ ಅವ್ವ ಹರಿಹರಕ್ಕೆ ಬಂದಳು. ಲೇತುಗಳಿಗೆ ವಿಭೂತಿ ಕುಂಕುಮ ಆಯಿತು. ಆ ವರ್ಷ ಮಾಡಿದ ಕೆಲಸದಲ್ಲಿ ಒಂದನ್ನು ದೇವರ ಮುಂದೆ ಇಡುವುದು ಅಪ್ಪನ ಕಾಲದ ಪದ್ಧತಿ, ನಾನು ಬಿಟ್ಟಿಲ್ಲ. ಕಳಿಸಲು ತಯಾರಾಗಿದ್ದ ತಟ್ಟೆಗಳಲ್ಲಿ ಒಂದನ್ನು ಎರಡು ಪದರದ ಪ್ಲಾಸ್ಟಿಕ್ ಕವರಿನ ಸಮೇತ ಮಣೆಯ ಮೇಲೆ ಇಟ್ಟು, ಬಾಳೆಕಂದು ಕಟ್ಟಲು ಹೊರಗೆ ಹೋದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ದೇವರಿಗೆ ಇಡುವುದು ಹೇಗೆ? ಅವ್ವ ಕವರು ತೆಗೆದಳು. ತೆಗೆದು ನೋಡಿದರೆ ತಾಮ್ರದ ಮೇಲೆ ಅವಳದೇ ಬೆರಳ ಗುರುತು ಮಂಕಾಗಿ ಮೂಡಿದೆ. ಕಲಶ ಬೆಳಗಲು ತಂದ ಹುಣಸೆಹಣ್ಣು, ಉಪ್ಪು ಚೀಲದಲ್ಲಿತ್ತು.

ನಾನು ಬಂದಾಗ ಅವಳು ಹಿತ್ತಲ ನಲ್ಲಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು, ತೆಂಗಿನ ನಾರಿನಿಂದ ಕೊನೆಯ ಸುತ್ತು ತಿಕ್ಕುತ್ತಿದ್ದಳು. ಪಕ್ಕದಲ್ಲಿ ಸಿದ್ದೀಕಾ ಬಾಯಿಗೆ ಕೈ ಹಿಡಿದು ನಿಂತಿದ್ದಳು. ‘ಅಜ್ಜಿ, ಬ್ಯಾಡ್ರಿ, ಬ್ಯಾಡ್ರಿ ಅಂದೆ ಸರ್, “ಸುಮ್ನಿರವ್ವ, ತಾಮ್ರ ನಿನಗೇನು ಗೊತ್ತು” ಅಂದ್ರು’ ಎಂದಳು. ಅವ್ವ ತಟ್ಟೆಯನ್ನು ಬಿಸಿಲಿಗೆ ಹಿಡಿದಳು. ಶಾಂತಲಾ, ಅಷ್ಟು ಚೆಂದದ ತಾಮ್ರವನ್ನು ನಾನು ನೋಡಿರಲಿಲ್ಲ. ಆಗಷ್ಟೇ ಸುಲಿದ ಹಣ್ಣಿನ ಬಣ್ಣ. ‘ಇಷ್ಟ್ ದಿನ ಹಿಂಗ ಬೆಳಗದೆ ಕಳಿಸ್ತಿದ್ರೇನೋ? ಅದಕ್ಕ ಮತ್ತ ಅದು ಲೆಕ್ಕ ತಪ್ಪತೈತೆ’ ಅಂದಳು. ಮೈಮೇಲೆಲ್ಲ ನಾರಿನ ಗೀರು, ಸಣ್ಣ ಸಣ್ಣ ತೂತುಗಳಲ್ಲಿ ಉಪ್ಪು. ಇನ್ನೆಂದೂ ಅದು ಬೆಂಗಳೂರಿಗೆ ಹೋಗುವಂತಿರಲಿಲ್ಲ. ನಾನು ‘ಚಲೋ ಆತವ್ವ’ ಅಂದೆ. ಅವಳು ಅದನ್ನು ಮಣೆಯ ಮೇಲಿಟ್ಟು ಮೇಲೆ ನಿಂಬೆಹಣ್ಣು ಇಟ್ಟಳು.

ನನ್ನ ಮನಸ್ಸಿಗೆ ಆಗ ಬಂದದ್ದು ದುಃಖವಲ್ಲ, ಇದನ್ನು ನಿನಗೆ ಹೇಳಬೇಕು. ಎದೆಯಲ್ಲಿ ಏನೋ ಸಡಿಲಾಯಿತು. ಇನ್ನು ಅವರೇ ಬೇಡ ಅನ್ನುತ್ತಾರೆ. ಹುಣಸೆಹಣ್ಣಿನಿಂದ ತಿಕ್ಕಿದವರಿಗೆ ಯಾರು ಕೆಲಸ ಕೊಡುತ್ತಾರೆ? ನಾನು ಬಾಗಿಲು ತೆಗೆಯಬೇಕಾಗಿಲ್ಲ, ಅವ್ವ ಉಪ್ಪು ಹಚ್ಚಿ ತೆಗೆದುಬಿಟ್ಟಳು. ಮರುದಿನವೇ ಅಂಜನ್ ಕುಮಾರ್‌ಗೆ ಫೋನ್ ಮಾಡಿ ಒಂದೂ ಬಿಡದೆ ಹೇಳಿದೆ. ಅವನು ‘ಬಂದು ನೋಡ್ತೀನಿ ಸರ್’ ಅಂದ. ದೀಪಾವಳಿ ಕಳೆಯುವವರೆಗೆ ನಾನು ಒಳಗೊಳಗೇ ಹಗುರಾಗಿ ಓಡಾಡಿದೆ. ಮೊಳಕಾಲ್ಮೂರಿಗೆ ಭಾನುವಾರ ಬೆಳಿಗ್ಗೆ ಯಾವ ಬಸ್ಸಿದೆ ಎಂದೂ ವಿಚಾರಿಸಿಟ್ಟೆ.

ಅವನು ಬಂದು ತಟ್ಟೆಯನ್ನು ತಿರುಗಿಸಿ ನೋಡಿ, ಅವ್ವನಿಗೆ ಹೇಳಿಕಳಿಸಿ ಅಂದ, ಬೆಂಗಳೂರಿನ ನಮ್ಮ ಲ್ಯಾಬಿನಲ್ಲೂ ಇಷ್ಟು ಹೊಳೆಯೋದಿಲ್ಲ ಅಂತ. ಆಮೇಲೆ ಹೇಳಿದ: ‘ಸರ್, ಇದು ಈಗ ಬೇಕೂ ಇರಲಿಲ್ಲ. ತಂತಿಗಳ ಲೆಕ್ಕ ಬದಲಾಗೈತೆ, ತೂತು ಎಲ್ಲೆಲ್ಲಿ ಅಂತ ಹೊಸದಾಗಿ ನಕ್ಷೆ ಮಾಡ್ತಿದಾರೆ. ನೀವು ಸರಿಯಾಗಿ ಕಳಿಸಿದ್ರೂ ನಮ್ಮ ಗೋಡೌನಲ್ಲೇ ಇರ್ತಿತ್ತು.’ ಹಾಗಾದರೆ ಇನ್ನು ನನ್ನ ಕೋಣೆ ಯಾಕೆ ಎಂದು ಕೇಳಿದೆ. ‘ಕೋಣೆ ಇರ್ಲಿ ಸರ್, ಕೋಣೇನೇ ಮುಖ್ಯ’ ಅಂದ. ಬ್ಯಾಗಿನಿಂದ ಹೊಸ ಒಪ್ಪಂದ ತೆಗೆದು ಕೊಟ್ಟ, ಇನ್ನು ಮೂರು ವರ್ಷಕ್ಕೆ. ನಾವು ಹಾಳು ಮಾಡಿದ್ದು ಯಾರಿಗೂ ಹಾಳೆನಿಸಲಿಲ್ಲ. ಹಾಳಾಗಬೇಕಾದರೂ ಒಂದು ಉಪಯೋಗಕ್ಕೆ ಬಂದಿರಬೇಕಲ್ಲ. ತಟ್ಟೆ ಈಗ ಸರಸ್ವತಿ ನಗರದ ದೇವರ ಮನೆಯಲ್ಲಿದೆ. ಅವ್ವ ಅದರಲ್ಲಿ ಹೂವು ಇಡುತ್ತಾಳೆ, ತೂತುಗಳಿಂದ ನೀರು ಸೋರುತ್ತದೆ ಎಂದು ಬೈಯುತ್ತಾಳೆ.

ಹಳೆಯ ಒಪ್ಪಂದ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮಹಿಳಾ ಉದ್ಯಮಿಗೆ ಸಾಲ ಸುಲಭವೆಂದು ಕಾಗದದ ಮೇಲೆ ಕಾರ್ಖಾನೆಯನ್ನು ನಿನ್ನ ಹೆಸರಿನಲ್ಲಿ ಮಾಡಿದ್ದೆವಲ್ಲ, ಆದ್ದರಿಂದ ಸಹಿ ನಿನ್ನದೇ ಬೇಕು. ಹೊಸ ಒಪ್ಪಂದವನ್ನು ಇದರ ಜೊತೆ ಇಟ್ಟಿದ್ದೇನೆ. ಎಲ್ಲೆಲ್ಲಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಸಹಿ ಮಾಡಿ ಕಳಿಸು, ಅಥವಾ ಮಾಡದೆ ಕಳಿಸು. ನೀನು ಮಾಡಿದರೆ ನಾನು ಇನ್ನು ಮೂರು ವರ್ಷ ಇಲ್ಲೇ ಇರುತ್ತೇನೆ, ಅದರಲ್ಲಿ ಅಂಥ ಕಷ್ಟವೇನಿಲ್ಲ. ಮಾಡದಿದ್ದರೆ ನಾನು ಕಂಪನಿಯವರಿಗೆ ಮುಖ ತೋರಿಸಿ ಬೇಡ ಅನ್ನಬೇಕಾದ್ದು ತಪ್ಪುತ್ತದೆ. ನೀನು ಏನು ಮಾಡಿದರೂ ನನಗೆ ಸರಿ ಎಂದು ಬರೆಯಲು ಹೊರಟು, ಈ ವಾಕ್ಯವನ್ನು ನೀನು ಹೇಗೆ ಓದುತ್ತೀಯ ಎಂದು ಯೋಚಿಸಿ ನಿಲ್ಲಿಸಿದೆ.

ಇನ್ನೊಂದು ಸಣ್ಣ ಸಂಗತಿ. ಮಂಡಕ್ಕಿ ಭಟ್ಟಿಯ ಮಾಲತೇಶಪ್ಪ ಗುರುವಾರ ಬಂದಿದ್ದ. ಅವನ ಹುರಿಯುವ ಮಷಿನ್ನಿನ ಶಾಫ್ಟಿನಲ್ಲಿ ಸುರುಳಿಯ ಹಲ್ಲು ಸವೆದು ಮುರಿದಿದೆ. ಹೊಸ ಉಕ್ಕಿನ ಸರಳನ್ನೇ ಆಟೋದಲ್ಲಿ ಹಾಕಿಕೊಂಡು ಬಂದಿದ್ದಾನೆ. ಅಂಥ ಹಲ್ಲನ್ನು ನನ್ನ ಹಳೆಯ ಲೇತುಗಳು ಕೊರೆಯಲಾರವು, ಒಳಗಿನದು ಕೊರೆಯುತ್ತದೆ. ಹೊರಗೆ ಕಳಿಸಿದರೆ ಬರುವವರೆಗೆ ಭಟ್ಟಿ ತಣ್ಣಗೆ ಕೂರಬೇಕು, ಕೆಲಸದವರು ಬೇರೆ ಭಟ್ಟಿಗೆ ಹೋಗುತ್ತಾರೆ. ಆಗುವುದಿಲ್ಲ ಎಂದೆ. ಗಾಜಿಗೆ ಮೂಗು ಹಚ್ಚಿ ಬಹಳ ಹೊತ್ತು ನೋಡಿದ. ‘ಏನ್ರಿ ಪರಶುರಾಮಣ್ಣ, ಒಳಗೆ ಮೀನು ಸಾಕೀರೇನು?’ ಅಂದ. ‘ಇಲ್ಲ, ತಾಮ್ರದ ಕೆಲಸ’ ಅಂದೆ. ‘ಯಾರಿಗೆ?’ ‘ಒಂದು ಕಂಪ್ಯೂಟರಿಗೆ.’ ‘ಅದು ಏನ್ ಮಾಡತೈತಿ?’ ‘ಇನ್ನೂ ಏನೂ ಮಾಡ್ತಿಲ್ಲ.’ ‘ಹಂಗಾರೆ ಅದಕ್ಕೇನು ಅರ್ಜೆಂಟ್ ಐತ್ರಿ? ನಮ್ಮ ಮಂಡಕ್ಕಿ ಜನ ನಾಳೆ ಬೆಳಿಗ್ಗೆ ತಿಂತಾರೆ.’ ನಾನು ನಗಲಿಲ್ಲ. ಅವನೂ ನಕ್ಕಿರಲಿಲ್ಲ. ಸರಳನ್ನು ಗಾಜಿನ ಬಾಗಿಲ ಹೊಸ್ತಿಲ ಹೊರಗೆ ಮಲಗಿಸಿ, ‘ಇಲ್ಲೇ ಬಿದ್ದಿರ್ಲಿ, ನಿಮ್ಮ ಮನಸ್ಸಿಗೆ ಬಂದಾಗ ನೋಡ್ರಿ’ ಎಂದು ಹೋದ. ನಿನ್ನೆ, ಮೊನ್ನೆ ಸಿದ್ದೀಕಾ ಅದನ್ನು ದಾಟಿಯೇ ಒಳಗೆ ಹೋಗಿ ಬಂದಳು.

ಇಷ್ಟೇ ಸುದ್ದಿ. ನಿನ್ನ ಮಾತ್ರೆ ತಪ್ಪಿಸಬೇಡ. ಲಕ್ಷ್ಮೀದೇವಿ ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಮೆಟ್ಟಿಲನ್ನು ಅವಸರದಲ್ಲಿ ಇಳಿಯಬಾರದೆಂದು ಹೇಳು. ಅವ್ವ ನಿನಗೆ ಆಶೀರ್ವಾದ ತಿಳಿಸಿದ್ದಾಳೆ ಎಂದು ಬರೆಯುವುದು ವಾಡಿಕೆ; ನಿಜಕ್ಕೂ ಅವಳು ತಿಳಿಸಿದ್ದು ನೀನು ಹೇಳಿದ ಕಡೆಯೇ ಬೇಳೆ ಡಬ್ಬಿ ಸಿಕ್ಕಿತು ಎಂದು. ಎರಡೂ ಒಂದೇ ಇರಬಹುದು.

ನಿನ್ನ,
ಪರಶುರಾಮ್

ತಾ.ಕ.: ಮೇಲಿನದನ್ನು ಮುಗಿಸಿ ಲಕೋಟೆ ಹುಡುಕಲು ಎದ್ದವನು ಮಾಲತೇಶಪ್ಪನ ಸರಳಿಗೆ ಎಡವಿದೆ. ಪೆಟ್ಟೇನೂ ಇಲ್ಲ, ಗಾಬರಿಯಾಗಬೇಡ. ಪಕ್ಕಕ್ಕೆ ಸರಿಸೋಣವೆಂದು ಎತ್ತಿದೆ, ಆದರೆ ಇಳಿಸಲಿಲ್ಲ. ಅದನ್ನು ಎತ್ತಿಕೊಂಡು ನಿಂತಾಗಲೇ ಬಸ್ಸಿನ ಕಿಟಕಿಯಲ್ಲಿ ನೀನು ಹೇಳಿದ ಉಳಿದರ್ಧ ನೆನಪಾದದ್ದು: ‘ಆದ್ರೆ ನನ್ನ ಕೇಳ್ಕೊಂಡು ಹೊರಗೆ ಬರಬ್ಯಾಡ್ರಿ.’ ಒಪ್ಪಂದ ಇದರ ಜೊತೆ ಇದೆ ಎಂದು ಬರೆದಿದ್ದೆ, ಅದನ್ನು ಇಡುತ್ತಿಲ್ಲ. ಸರಳನ್ನು ಒಳಗೆ ಒಯ್ದು ಮಷಿನ್ನಿಗೆ ಕಟ್ಟಿ ಹಲ್ಲು ಕೊರೆದೆ. ಊಟಕ್ಕೂ ಏಳಲಿಲ್ಲ, ಈಗಷ್ಟೇ ಮುಗಿಯಿತು. ನೆಲದ ಮೇಲೆಲ್ಲ ಉಕ್ಕಿನ ಚೂರು, ಇನ್ನು ಆ ಕೋಣೆಯಲ್ಲಿ ತಾಮ್ರದ ಕೆಲಸ ಆಗುವುದಿಲ್ಲ. ಅಂಜನ್ ಕುಮಾರ್‌ಗೆ ನಾಳೆ ನಾನೇ ಹೇಳುತ್ತೇನೆ. ಇದನ್ನೇ ಬರೆಯಬೇಕೆಂದು ಪೆನ್ನು ಹಿಡಿದಾಗ ಅದು ಕೈಯಲ್ಲಿ ಜಾರಿತು. ನೋಡಿದರೆ ಗವಸು. ಗಾಜಿನಲ್ಲಿ ನೋಡಿಕೊಂಡರೆ ತಲೆಗೆ ಬಿಳಿ ಟೋಪಿ, ಕಾಲಿಗೆ ನೀಲಿ ಚೀಲ. ಕಬ್ಬಿಣ ಹೊತ್ತು ಒಳಗೆ ಹೋಗುವ ಮುಂಚೆ ಎಲ್ಲವನ್ನೂ ಒಂದೊಂದಾಗಿ ಹಾಕಿಕೊಂಡಿದ್ದೇನೆ, ನನಗೇ ತಿಳಿಯದ ಹಾಗೆ. ಗವಸು ಮಾತ್ರ ತೆಗೆದಿದ್ದೇನೆ, ಉಳಿದದ್ದು ಇನ್ನೂ ಮೈಮೇಲಿದೆ. ನೀನು ಹೇಳಿದ ದಿನ ಇದೇನಾ, ಶಾಂತಲಾ?